ಪಾರ್ಟಿಷನ್ ಮಾಡುವುದು ಬೂಟ್‌ಲೋಡರ್ ಕೆಲಸವಲ್ಲ

ಪ್ರಶ್ನೆ: ನಮ್ಮ ಬೋರ್ಡ್‌ನ ಇಎಂಎಂಸಿ (ಬೋರ್ಡಿಗೆ ಬೆಸೆದ ಸ್ಟೋರೇಜ್ ಚಿಪ್) ಖಾಲಿ ಇದ್ದರೆ ಯು-ಬೂಟ್ (ಲಿನಕ್ಸ್‌ಗಿಂತ ಮೊದಲು ಓಡುವ ಬೂಟ್‌ಲೋಡರ್) ತಾನೇ ಪಾರ್ಟಿಷನ್ ಮಾಡಿಕೊಳ್ಳಲಿ ಎಂದು ಬೂಟ್ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದ್ದೇವೆ. ತಪ್ಪೇನಾದರೂ ಇದೆಯೇ ಸರ್?

ಉತ್ತರ: ಇದೆ, ತೆಗೆದುಹಾಕಿ. ಈ ಪ್ರಶ್ನೆ ವೇಷ ಬದಲಿಸಿಕೊಂಡು ಬರುತ್ತಲೇ ಇರುವುದರಿಂದ ಈ ಸಲ ಅಂಕಣದ ಹೆಚ್ಚಿನ ಜಾಗ ಇದಕ್ಕೇ.

'ಖಾಲಿ ಇದ್ದರೆ' ಅನ್ನುತ್ತೀರಲ್ಲ, ಖಾಲಿ ಎಂದು ಬೂಟ್‌ಲೋಡರ್‌ಗೆ ಯಾರು ಹೇಳಬೇಕು? ಅದಕ್ಕೆ ಗೊತ್ತಾಗುವುದು ಸರಿಯಾದ ಜಿಪಿಟಿ (ಡಿಸ್ಕಿನ ಯಾವ ಪಾರ್ಟಿಷನ್ ಎಲ್ಲಿದೆ ಎಂದು ಹೇಳುವ ಟೇಬಲ್) ಸಿಗಲಿಲ್ಲ ಎಂಬುದಷ್ಟೇ. ಹೊಸ ಚಿಪ್ಪಾದರೂ ಹಾಗೆಯೇ, ಟೇಬಲ್ ಬರೆಯುವಾಗ ಕರೆಂಟ್ ಹೋಗಿದ್ದರೂ ಹಾಗೆಯೇ, ಹೈಸ್ಪೀಡ್ ಮೋಡ್‌ನಲ್ಲಿ ಟೈಮಿಂಗ್ ಕೂಡಿಬರದೆ ಓದುವುದೇ ಕೈಕೊಟ್ಟರೂ ಹಾಗೆಯೇ. ಮೊದಲನೆಯದಕ್ಕೆ ಬರೆಯಬೇಕು ನಿಜ. ಉಳಿದ ಎರಡಕ್ಕೆ ಏನನ್ನೂ ಮುಟ್ಟದೆ ಸುಮ್ಮನಿರಬೇಕು.

ನೀವು ಕಳಿಸಿದ ಸಾಲನ್ನೇ ನೋಡೋಣ: 'ಜಿಪಿಟಿ ವೆರಿಫೈ' ಫೇಲಾದರೆ 'ಜಿಪಿಟಿ ರೈಟ್'. ಪಾರ್ಟಿಷನ್ ಪಟ್ಟಿಯಲ್ಲಿ ರೂಟ್‌ಗೆ (ಲಿನಕ್ಸ್ ಕೂರುವ ಪಾರ್ಟಿಷನ್ನಿಗೆ) 2 ಜಿಬಿ ಎಂದು ಬರೆದಿದ್ದೀರಿ. ಮೊದಲ ಬೂಟ್‌ನಲ್ಲಿ ಲಿನಕ್ಸ್ ಶುರುವಾಗಿ, ಅದರ ಸಿಸ್ಟಮ್‌ಡಿ-ರಿಪಾರ್ಟ್ ಎಂಬ ಸಲಕರಣೆ ಆ ಪಾರ್ಟಿಷನ್ನನ್ನು ಚಿಪ್ ಪೂರ್ತಿ ಹಿಗ್ಗಿಸಿತು, ಒಳಗಿನ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಕೂಡ ಬೆಳೆಯಿತು. ಎಲ್ಲರಿಗೂ ಖುಷಿ. ಎರಡನೆಯ ಬೂಟ್‌ನಲ್ಲಿ ವೆರಿಫೈ ನಿಮ್ಮ ಪಟ್ಟಿಯನ್ನು ತಾಳೆ ನೋಡುತ್ತದೆ, ಗಾತ್ರ ಹೊಂದುವುದಿಲ್ಲ, ಫೇಲ್. ತಕ್ಷಣ ರೈಟ್ ಬಂದು ಹಳೆಯ 2 ಜಿಬಿಯನ್ನೇ ಬರೆದಿಡುತ್ತದೆ. ಫೈಲ್‌ಸಿಸ್ಟಮ್ ಈಗ ಪಾರ್ಟಿಷನ್ನಿಗಿಂತ ದೊಡ್ಡದು. ಕರ್ನಲ್ 'ಬ್ಯಾಡ್ ಜಿಯೊಮೆಟ್ರಿ' ಎಂದು ಮೌಂಟ್ ಮಾಡಲು ಒಪ್ಪುವುದಿಲ್ಲ, ನೀವು ಇಎಂಎಂಸಿ ಕಳಪೆ ಎಂದು ಚಿಪ್ ಮಾರಿದವರ ಮೇಲೆ ಹಾರಾಡುತ್ತೀರಿ.

ಇನ್ನೊಂದು ಕಾಟವೂ ಉಂಟು. ಪಟ್ಟಿಯಲ್ಲಿ ಯುಯುಐಡಿ (ಪಾರ್ಟಿಷನ್ನಿನ ಗುರುತಿನ ಸಂಖ್ಯೆ) ಕೊಡದೆ ಅದನ್ನು ಯು-ಬೂಟ್ ತಾನೇ ಹುಟ್ಟಿಸಲಿ ಎಂದು ಬಿಟ್ಟಿದ್ದರೆ, ಪ್ರತಿ ರೈಟ್‌ಗೂ ಹೊಸ ಯುಯುಐಡಿ. ರೂಟನ್ನು ಪಾರ್ಟ್‌ಯುಯುಐಡಿಯಿಂದ ಹುಡುಕುವ ಕರ್ನಲ್ ಬಾರದ ಡಿಸ್ಕ್‌ಗಾಗಿ ಕಾಯುತ್ತಾ ಕೂರುತ್ತದೆ.

'ಜಿಪಿಟಿಗೆ ಬ್ಯಾಕಪ್ ಇದೆಯಲ್ಲ' ಎಂದು ವಿಡಿಯೊ ಪಂಡಿತರು ಧೈರ್ಯ ಹೇಳುತ್ತಾರೆ. ಇದೆ, ಡಿಸ್ಕಿನ ಕೊನೆಯಲ್ಲಿ. ಜಿಪಿಟಿ ರೈಟ್ ಅದನ್ನೂ ಬಿಡದೆ ತಿದ್ದುತ್ತದೆ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ. ಒಂದು ಪ್ರತಿ ಕೆಟ್ಟು ಇನ್ನೊಂದು ಚೆನ್ನಾಗಿದ್ದರೆ ಹೊಸ ಯು-ಬೂಟ್‌ಗಳಲ್ಲಿ 'ಜಿಪಿಟಿ ರಿಪೇರ್' ಇದೆ, ಅದನ್ನು ಬಳಸಿ. ಅದನ್ನೂ ಕೈಯಾರೆ ಟೈಪ್ ಮಾಡಿ ಎನ್ನುವವನು ನಾನು.

ಹಾಗಾದರೆ ಏನು ಮಾಡಬೇಕು? ಟೇಬಲ್ ಸಮೇತ ಪೂರ್ತಿ ಇಮೇಜನ್ನು ಫ್ಯಾಕ್ಟರಿಯಲ್ಲೇ ಬರೆಯಿರಿ. ಬೇಕಾದರೆ ಟೇಬಲ್ ಬರೆಯಲು ಫಾಸ್ಟ್‌ಬೂಟ್‌ನ (ಕಂಪ್ಯೂಟರಿನಿಂದ ಕೇಬಲ್ ಮೂಲಕ ಬೋರ್ಡಿಗೆ ಬರೆಯುವ ವಿಧಾನ) 'ಓಇಎಂ ಫಾರ್ಮ್ಯಾಟ್' ಇದೆ. ಅಲ್ಲಿ ಕೇಬಲ್ ಹಾಕಿ ಕಮಾಂಡ್ ಕೊಡುವ ಮನುಷ್ಯ ಒಬ್ಬ ಇರುತ್ತಾನೆ, ಅದೇ ಮುಖ್ಯ. ಕೊನೆಯ ಪಾರ್ಟಿಷನ್ ಹಿಗ್ಗಿಸುವುದನ್ನು ಲಿನಕ್ಸ್‌ಗೆ ಬಿಡಿ. ಬೂಟ್‌ಲೋಡರ್‌ಗೆ ಟೇಬಲ್ ಇಷ್ಟವಾಗದಿದ್ದರೆ ಸೀರಿಯಲ್ ಕನ್ಸೋಲ್‌ನಲ್ಲಿ ಒಂದು ಸಾಲು ಬೈದು ನಿಂತುಕೊಳ್ಳಲಿ, ಇಲ್ಲವೇ ರಿಕವರಿಗೆ ಹೋಗಲಿ. 'ಎಂಎಂಸಿ 0' ಎಂದರೆ ಎಲ್ಲ ಬೋರ್ಡ್‌ನಲ್ಲೂ ಇಎಂಎಂಸಿಯೇ ಎಂಬ ನಂಬಿಕೆಯೂ ಬೇಡ. ಡಿವೈಸ್ ಟ್ರೀಯಲ್ಲಿ (ಬೋರ್ಡ್‌ನ ಹಾರ್ಡ್‌ವೇರ್ ವಿವರಿಸುವ ಫೈಲ್) ಈ ನಂಬರ್ ಕೊಡುವ ಅಲಿಯಾಸ್ ಬದಲಾದ ದಿನ ಅಲ್ಲಿ ಗ್ರಾಹಕರ ಎಸ್‌ಡಿ ಕಾರ್ಡ್ ಕೂತಿರುತ್ತದೆ.

ಪ್ರಶ್ನೆ: ಖಾಲಿ ನ್ಯಾಂಡ್ (ಬಿಡಿ ಫ್ಲಾಶ್ ಚಿಪ್) ಕಂಡರೆ ಯುಬಿಐ (ಅದನ್ನು ನೋಡಿಕೊಳ್ಳುವ ತಂತ್ರಾಂಶ) ತಾನೇ ಫಾರ್ಮ್ಯಾಟ್ ಮಾಡಿಕೊಳ್ಳುತ್ತದಲ್ಲ, ಅದು ಹೇಗೆ ಸರಿ?

ಉತ್ತರ: ಅದು ಬ್ಲಾಕ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿ ನಿಜಕ್ಕೂ ಖಾಲಿ ಎಂದು ಕಂಡರೆ ಮಾತ್ರ ಮುಂದುವರಿಯುತ್ತದೆ. ತನ್ನದಲ್ಲದ ಡೇಟಾ ಕಂಡರೆ ಹಿಂದೆ ಸರಿಯುತ್ತದೆ. ನಿಮ್ಮ ಒಂದು ಸಾಲಿಗೆ ಆ ವಿವೇಕವಿಲ್ಲ.

ಪ್ರಶ್ನೆ: ಎಂಬಿಆರ್ (ಹಳೆಯ ಮಾದರಿಯ ಪಾರ್ಟಿಷನ್ ಟೇಬಲ್) ಸಾಕೇ, ಜಿಪಿಟಿಯೇ ಬೇಕೇ?

ಉತ್ತರ: ಮೊದಲು ಚಿಪ್‌ನ ಮ್ಯಾನ್ಯುಯಲ್ ತೆರೆಯಿರಿ. ಐ.ಎಂಎಕ್ಸ್6 ಚಿಪ್ ತನ್ನ ಬೂಟ್ ಇಮೇಜನ್ನು ಕಾರ್ಡ್‌ನ ಆರಂಭದಿಂದ 1 ಕೆಬಿ ದೂರದಲ್ಲಿ, ಹಲವು ಆಲ್‌ವಿನ್ನರ್ ಚಿಪ್‌ಗಳು 8 ಕೆಬಿ ದೂರದಲ್ಲಿ ಹುಡುಕುತ್ತವೆ. ಮಾಮೂಲಿ ಜಿಪಿಟಿಯ ಪಾರ್ಟಿಷನ್ ಪಟ್ಟಿ ಇರುವುದು 2ರಿಂದ 33ನೇ ಸೆಕ್ಟರ್‌ವರೆಗೆ, ಅಂದರೆ ಸರಿಯಾಗಿ ಅದೇ ಜಾಗದಲ್ಲಿ. ಅಂಥ ಚಿಪ್‌ನಲ್ಲಿ ಎರಡೂ ಒಟ್ಟಿಗೆ ಕೂರವು.

ಪ್ರಶ್ನೆ: 'ಎಂಎಂಸಿ ಎಚ್‌ಡಬ್ಲ್ಯುಪಾರ್ಟಿಷನ್' (ಚಿಪ್ಪಿನ ಹಾರ್ಡ್‌ವೇರ್ ಮಟ್ಟದಲ್ಲೇ ಪಾರ್ಟಿಷನ್ ಮಾಡುವ) ಕಮಾಂಡನ್ನು, ಅದನ್ನು ಪಕ್ಕಾ ಮಾಡುವ 'ಕಂಪ್ಲೀಟ್' ಸಮೇತ ಬೂಟ್ ಸ್ಕ್ರಿಪ್ಟಿಗೆ ಹಾಕಬಹುದೇ?

ಉತ್ತರ: ಖಂಡಿತ ಕೂಡದು. ಇಎಂಎಂಸಿಯಲ್ಲಿ ಅದನ್ನು ಮಾಡಲು ಸಿಗುವುದು ಒಂದೇ ಅವಕಾಶ. ಲೆಕ್ಕ ತಪ್ಪಿದರೆ ಚಿಪ್ ಕಿತ್ತು ಬೇರೆಯದನ್ನು ಬೆಸುಗೆ ಹಾಕಬೇಕು.