ಅಮೆರಿಕದ ಕೋರ್ ಡಲೇನ್ ಸರೋವರದಲ್ಲಿ ಬಾಲ್ಡ್ ಈಗಲ್ ಫೋಟೋ ತೆಗೆಯಲು ಯಾವಾಗ ಹೋಗಬೇಕು, ಹೇಗೆ ತೆಗೆಯಬೇಕು?

ಡಿಸೆಂಬರಿನಲ್ಲಿ ಹೋಗಿ. ಐಡಹೋದ ಈ ಸರೋವರದ ವುಲ್ಫ್ ಲಾಡ್ಜ್ ಕೊಲ್ಲಿಯಲ್ಲಿ ಆಗ ಕೊಕನಿ ಮೀನುಗಳು ಮೊಟ್ಟೆಯಿಟ್ಟು ಸಾಯುತ್ತವೆ, ಅವನ್ನು ಹಿಡಿಯಲೆಂದೇ ಈ ಹದ್ದುಗಳು ಬಂದು ಸೇರುತ್ತವೆ. ಬೆಳಿಗ್ಗೆ ಬೇಗ ಹೋದರೆ ಒಳ್ಳೆಯದು. ಹಾರುವಾಗ ತೆಗೆಯಲು ಶಟರ್ ವೇಗ 1/2000 ಸೆಕೆಂಡ್ ಇರಲಿ. ನಿಜವಾದ ಕಷ್ಟ ಬೆಳಕಿನದು: ಮೈ ಕಡುಕಂದು, ತಲೆ ಅಚ್ಚ ಬಿಳಿ ಅಲ್ವಾ, ಕ್ಯಾಮೆರಾ ಮೈಯನ್ನು ನೋಡಿ ಬೆಳಕು ಜಾಸ್ತಿ ಮಾಡಿಬಿಡುತ್ತದೆ, ಆಗ ತಲೆಯ ಗರಿಗಳ ವಿವರವೆಲ್ಲ ಅಳಿಸಿಹೋಗುತ್ತದೆ. ಅದಕ್ಕೆ ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಸ್ವಲ್ಪ ಇಳಿಸಿ. ಕಂದು ತಲೆಯವೂ ಕಾಣುತ್ತವೆ, ಅವು ಎಳೆಯವು, ತಲೆ ಬೆಳ್ಳಗಾಗಲು ಸುಮಾರು 5 ವರ್ಷ ಬೇಕು. ದಯವಿಟ್ಟು 100 ಮೀಟರಿಗಿಂತ ಹತ್ತಿರ ಹೋಗಬೇಡಿ. ಹೆದರಿ ಹಾರಿದರೆ ಆ ಚಳಿಯಲ್ಲಿ ಅದರ ಊಟ ತಪ್ಪುತ್ತದೆ.