ತೋಚಿದ್ದನ್ನು ನುಡಿಸುವುದು ಜಾಝ್ ಅಲ್ಲ

*ಮಗ ಬದಿಯಡ್ಕದಲ್ಲಿ ಪ್ಲಸ್ ಟು ಮುಗಿಸಿದ್ದಾನೆ. ಎಂಟು ವರ್ಷ ಕರ್ನಾಟಕ ಶೈಲಿಯಲ್ಲಿ ಸ್ಯಾಕ್ಸೋಫೋನ್ ಕಲಿತು ಮದುವೆ, ಜಾತ್ರೆಗಳಲ್ಲಿ ನುಡಿಸುತ್ತಾನೆ. ವಿಶ್ವವಿದ್ಯಾಲಯದಲ್ಲಿ ಜಾಝ್ ಓದುವ ಆಸೆ. ಜಾಝ್ ಎಂದರೆ ಆ ಕ್ಷಣಕ್ಕೆ ತೋಚಿದ್ದನ್ನು ನುಡಿಸುವುದಲ್ಲವೇ? ಮನೋಧರ್ಮ, ಅಂದರೆ ಅಲ್ಲೇ ಕಟ್ಟಿ ನುಡಿಸುವ ಶಕ್ತಿ, ಇರುವವನಿಗೆ ನಾಲ್ಕು ವರ್ಷದ ಪದವಿ ಏಕೆ?*

ಈ ಪ್ರಶ್ನೆ ಪ್ರತಿ ತಿಂಗಳೂ ಬರುತ್ತದೆ. ಈ ಸಲ ಪೂರ್ತಿ ಉತ್ತರಿಸುತ್ತೇನೆ, ಮತ್ತೆ ಕೇಳಬೇಡಿ.

ವೇಷ, ಕುಣಿತವಿಲ್ಲದ ಯಕ್ಷಗಾನವಾದ ತಾಳಮದ್ದಳೆ ಕೇಳಿ ಬೆಳೆದ ಊರಿನವರಿಗೆ ಈ ಅನುಮಾನವೇ ಬರಬಾರದು. ಪಾತ್ರವಾಗಿ ಮಾತಾಡುವ ಅರ್ಥಧಾರಿಗೆ ಮಾತನ್ನು ಯಾರೂ ಬರೆದುಕೊಡುವುದಿಲ್ಲ. ಆದರೆ ಭಾಗವತರು ಹಾಡಿದ ಪದ್ಯವಿದೆ, ಪ್ರಸಂಗದ ನಡೆಯಿದೆ, ಎದುರು ಕುಳಿತವನ ವಾದವಿದೆ. ಸಂಧಾನಕ್ಕೆ ಹೋದ ಕೃಷ್ಣ ಎಷ್ಟೇ ಸೊಗಸಾಗಿ ಮಾತಾಡಲಿ, ಸಂಧಾನ ಮುರಿಯಲೇಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು ಅಲ್ಲೇ ಕಟ್ಟುತ್ತಿದ್ದ ವಾದಕ್ಕೆ ಹಿಂದಿನ ಓದಿನ ಬಲವಿತ್ತು. ಅವರಿಗೆ ಬರೀ ತೋಚುತ್ತಿತ್ತು ಎನ್ನುವ ಧೈರ್ಯ ನಿಮಗಿದೆಯೇ?

ನಿಮ್ಮ ಮಗನಿಗೆ ಎದುರಾಗುವ ನಿಜವಾದ ಕಷ್ಟ ಬೇರೆ. ನಮ್ಮಲ್ಲಿ ಆಧಾರ ಷಡ್ಜ, ಅಂದರೆ ನೆಲೆಯಾದ ‘ಸ’, ಕಚೇರಿ ಮುಗಿಯುವವರೆಗೂ ಅಲುಗುವುದಿಲ್ಲ. ಜಾಝ್‌ನಲ್ಲಿ ಕಾರ್ಡ್ (ಒಟ್ಟಿಗೆ ಕೇಳಿಸುವ ಸ್ವರಗಳ ಗುಂಪು) ಬದಲಾದಂತೆ ಕಾಲ ಕೆಳಗಿನ ನೆಲವೇ ಸರಿಯುತ್ತದೆ. ಜಾಝ್ ಕಲಿಯುವವರೆಲ್ಲ ನುಡಿಸುವ ಬ್ಲೂಸ್ ಎಂಬ ಸರಳ ರಚನೆಯನ್ನು ತೆಗೆದುಕೊಳ್ಳಿ: ನಾಲ್ಕೆಣಿಕೆಯ ಹನ್ನೆರಡು ಆವರ್ತ, ಅಂದರೆ ಚತುರಶ್ರ ಏಕತಾಳ ಹನ್ನೆರಡು ಸಲ. ಮೊದಲ ನಾಲ್ಕರಲ್ಲಿ ಅಂತರ ಗಾಂಧಾರದ (ಮೇಲಿನ ‘ಗ’) ಮೇಲೆ ಹಾಯಾಗಿ ನಿಲ್ಲಬಹುದು. ಐದನೆಯದಕ್ಕೆ ಆಧಾರ ಮಧ್ಯಮಕ್ಕೆ ಹೋಗುತ್ತದೆ; ಅದೇ ಗಾಂಧಾರ ಈಗ ಕಿವಿಗೆ ಚುಚ್ಚುತ್ತದೆ, ಅದಕ್ಕಿಂತ ಕೆಳಗಿನ ಸಾಧಾರಣ ಗಾಂಧಾರಕ್ಕೆ ಇಳಿಯಬೇಕು. ಏಳನೆಯದರಲ್ಲಿ ಮರಳಿ ಷಡ್ಜ, ಒಂಬತ್ತನೆಯದರಲ್ಲಿ ಪಂಚಮ. ಇದನ್ನು ಎಣಿಸಿ ನುಡಿಸಿದರೆ ಸಂಗೀತವಾಗುವುದಿಲ್ಲ, ಎಣಿಸದೆಯೇ ಕೇಳಿಸಬೇಕು. ಎಂಟು ವರ್ಷ ಕಲ್ಪನಾಸ್ವರ ನುಡಿಸಿದ ನಾನೇ ಮೊದಲ ದಿನ ಐದನೆಯ ಆವರ್ತದಲ್ಲಿ ದಾರಿ ತಪ್ಪಿದ್ದೆ. ಅದು ಸರಿಯಾಗಲು ಒಂದು ಮಳೆಗಾಲ ಪೂರ್ತಿ ಬೇಕಾಯಿತು.

ಪದವಿಯಲ್ಲಿ ಕಲಿಸುವುದು ಇದನ್ನೇ. ಅಮೆರಿಕದ ನಾರ್ತ್ ಟೆಕ್ಸಾಸ್ ಕಾಲೇಜಿನಲ್ಲಿ 1947ರಲ್ಲೇ ಜಾಝ್ ಪದವಿ ಆರಂಭವಾಯಿತು. ಆಗ ಅದನ್ನು ನೃತ್ಯ ವಾದ್ಯವೃಂದದ ವಿಷಯ ಎಂದು ಕರೆಯುತ್ತಿದ್ದರು. ಹಿರಿಯರ ಸೋಲೊಗಳನ್ನು ಕೇಳಿ ಸ್ವರ ಬರೆದುಕೊಳ್ಳುವುದು, ಕಾಂಬೊ ಎಂಬ ನಾಲ್ಕೈದು ಜನರ ತಂಡ, ಐದು ಸ್ಯಾಕ್ಸೋಫೋನ್ ಸೇರಿ ಸುಮಾರು ಹದಿನೇಳು ಜನರ ಬಿಗ್ ಬ್ಯಾಂಡ್, ಕೊನೆಗೆ ಸ್ವಂತ ಕಚೇರಿ. ಕಾಂಬೊವನ್ನಂತೂ ಮನೆಯಲ್ಲಿ ಕುಳಿತು ಕಲಿಯಲಾಗದು. ಡ್ರಮ್‌ನವನು ಏನು ಹೇಳುತ್ತಿದ್ದಾನೆ ಎಂದು ಕೇಳಿಸಿಕೊಳ್ಳುತ್ತಾ ಉತ್ತರಿಸುವುದಕ್ಕೆ ಎದುರಿಗೆ ಮನುಷ್ಯರು ಬೇಕು.

ಪ್ರವೇಶಕ್ಕೆ ಅನೇಕ ಕಡೆ ಮೊದಲು ವಿಡಿಯೊ ಕೇಳುತ್ತಾರೆ: ಸಾಮಾನ್ಯವಾಗಿ ಒಂದು ಬ್ಲೂಸ್, ಒಂದು ವೇಗದ ಸ್ವಿಂಗ್, ಒಂದು ನಿಧಾನದ ಬ್ಯಾಲಡ್. ಸ್ವರಲಿಪಿಯನ್ನು ನೋಡಿದೊಡನೆ ನುಡಿಸಲೂ ಹೇಳಬಹುದು. ಪಿಯಾನೊದವನು ಬಿ ಫ್ಲಾಟ್ ಎಂದರೆ ಆಲ್ಟೊ ಸ್ಯಾಕ್ಸೋಫೋನಿನವನು ಅದೇ ಸ್ವರಕ್ಕೆ ತನ್ನ ವಾದ್ಯದ ಜಿ ಹಿಡಿಯಬೇಕು. ಇದು ನಿದ್ದೆಯಲ್ಲೂ ಬರಬೇಕು. ಸ್ವರವನ್ನು ಅಲುಗಿಸುವ ಗಮಕವನ್ನು ಬಿಡಬೇಡ ಎಂದು ಮಗನಿಗೆ ಹೇಳಿ. ಆದರೆ ಪರೀಕ್ಷಕರ ಮುಂದೆ ಅದೊಂದನ್ನೇ ತೋರಿಸಬಾರದು.

"ಕದ್ರಿ ಗೋಪಾಲನಾಥರು ಜಾಝ್ ಓದದೆಯೇ ನುಡಿಸಲಿಲ್ಲವೇ" ಎಂದು ಕೆಲವರು ವಾದಿಸುತ್ತಾರೆ. 2008ರಲ್ಲಿ ಅಮೆರಿಕದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ ಹೊರಬಂದ ಧ್ವನಿಮುದ್ರಿಕೆಯಲ್ಲಿ ಕದ್ರಿಯವರು ತಂದದ್ದು ತಮ್ಮ ಕರ್ನಾಟಕ ಸಂಗೀತವನ್ನು. ಜಾಝ್ ತಂದ ಮಹಾಂತಪ್ಪ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲೂ ಶಿಕಾಗೊದ ಡಿಪಾಲ್ ವಿಶ್ವವಿದ್ಯಾಲಯದಲ್ಲೂ ಓದಿದವರು.

ತೋಟ ಅಡವಿಟ್ಟು ಮಗನನ್ನು ನೇರವಾಗಿ ಬಾಸ್ಟನ್‌ಗೆ ಕಳುಹಿಸಬೇಡಿ. ನಾನು ಈ ವಿಷಯದಲ್ಲಿ ಅತಿ ಎಚ್ಚರಿಕೆಯವನು ಎನ್ನುತ್ತಾರೆ, ಹಾಗೆಯೇ ಇರುತ್ತೇನೆ. ಮೊದಲು ಚೆನ್ನೈಗೆ ಹೋಗಲಿ. ಅಲ್ಲಿ 2008ರಲ್ಲಿ ಶುರುವಾದ ಕೆ.ಎಂ. ಸಂಗೀತ ಶಾಲೆಯಲ್ಲಿ ಪಾಶ್ಚಾತ್ಯ ಸಂಗೀತದ ತಳಹದಿ ಸಿಗುತ್ತದೆ. ಒಂದು ವರ್ಷದ ನಂತರವೂ ಹಸಿವು ಉಳಿದಿದ್ದರೆ ಆಗ ಸಾಲ ಮಾಡುವ ಮಾತು.

*ಮಗಳಿಗೆ ಮೂರು ತಿಂಗಳ ಆನ್‌ಲೈನ್ ಜಾಝ್ ಡಿಪ್ಲೊಮಾ, ವಿದೇಶದಲ್ಲಿ ಸೀಟು ಖಚಿತ ಎನ್ನುತ್ತಾರೆ. ಸೇರಬಹುದೇ?*

ಬೇಡ. ನಿಮ್ಮ ಮಗಳು ನುಡಿಸುವುದನ್ನು ಕೇಳುವ ಮೊದಲೇ ಸೀಟು ಖಚಿತ ಎನ್ನುವವನು ಮೋಸಗಾರ.

*ಸ್ಯಾಕ್ಸೋಫೋನ್ ಊದಿದರೆ ಶ್ವಾಸಕೋಶ ಹಾಳಾಗುವುದೇ?*

ಊದುವುದರಿಂದಲ್ಲ. ಮಳೆಗಾಲದಲ್ಲಿ ಒರೆಸದೆ ಪೆಟ್ಟಿಗೆಯಲ್ಲಿಟ್ಟ ವಾದ್ಯದೊಳಗಿನ ಬೂಷ್ಟಿನಿಂದ ಹಾಳಾದೀತು. ಪ್ರತಿ ಸಲ ಒಳಗೆ ಬಟ್ಟೆ ಎಳೆಯಿರಿ. ಆಸ್ತಮಾ ಇದ್ದರೆ ವೈದ್ಯರನ್ನು ಕೇಳಿ.

*ಕನ್ನಡ ಮಾಧ್ಯಮದ ಹುಡುಗಿಗೆ ಜಾಝ್ ಪಾಠ ಅರ್ಥವಾದೀತೇ?*

ಅಮೆರಿಕಕ್ಕೆ ಹೋಗುವುದಾದರೆ ಟೋಫೆಲ್ ಅಥವಾ ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆಯಬೇಕಾಗಬಹುದು. ತಯಾರಿಗೆ ಆರು ತಿಂಗಳು ಇಟ್ಟುಕೊಳ್ಳಿ. ಉಳಿದದ್ದಕ್ಕೆ ಹೆದರಬೇಡಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಂಚಾಯಿತಿ ಕಚೇರಿಯಲ್ಲಿ ಮಲಯಾಳ ಮಾತಾಡುವ ಮಂಜೇಶ್ವರದ ಹುಡುಗಿಗೆ ಕಾರ್ಡ್‌ಗಳ ಹೆಸರು ಕಲಿಯಲು ಒಂದು ವಾರ ಸಾಕು.