ಆಟೋ ಎಣಿಸಿದಿರಿ, ಒಳಗಿದ್ದವರನ್ನು ಬಿಟ್ಟಿರಿ

ಪ್ರಶ್ನೆ: ಮೊದಲ ಪಿಯುಸಿ ವಿದ್ಯಾರ್ಥಿನಿ ನಾನು. ‘ಎಸ್‌ಟಿಪಿಯಲ್ಲಿ (ಪ್ರಮಾಣಿತ ಉಷ್ಣತೆ, ಒತ್ತಡದಲ್ಲಿ) 5.6 ಲೀಟರ್ ಅಮೋನಿಯಾದಲ್ಲಿ ಎಷ್ಟು ಪರಮಾಣುಗಳಿವೆ?’ ಎಂಬ ಲೆಕ್ಕಕ್ಕೆ ನನಗೆ 1.5×10²³ ಬಂತು. ಉತ್ತರ 6.02×10²³ ಅಂತೆ. ಎಲ್ಲಿ ತಪ್ಪಿದೆ? ಒಂದು ಮೋಲ್ ಅನಿಲದ ಗಾತ್ರ ಒಂದು ಕಡೆ 22.4 ಲೀಟರ್, ಇನ್ನೊಂದು ಕಡೆ 22.7 ಅಂತಿದೆ. ಯಾವುದು ಸರಿ?

ಉತ್ತರ: ನೀವು ಮುಕ್ಕಾಲು ದಾರಿ ಸರಿಯಾಗೇ ಬಂದಿದ್ದೀರಿ. 5.6 ಅನ್ನು 22.4ರಿಂದ ಭಾಗಿಸಿದರೆ 0.25 ಮೋಲ್. ಅದನ್ನು ಅವೊಗಾಡ್ರೊ ಸಂಖ್ಯೆಯಿಂದ, ಅಂದರೆ ಒಂದು ಮೋಲ್‌ನಲ್ಲಿರುವ ಕಣಗಳ ಸಂಖ್ಯೆಯಾದ 6.022×10²³ರಿಂದ ಗುಣಿಸಿದರೆ ಸುಮಾರು 1.5×10²³. ಆದರೆ ಇದು ಅಣುಗಳ ಲೆಕ್ಕ. ಕೇಳಿದ್ದು ಪರಮಾಣುಗಳನ್ನು.

ಅಮೋನಿಯಾದ ಒಂದು ಅಣು ಅಂದರೆ ಒಂದು ಆಟೋ ಅಂದುಕೊಳ್ಳಿ. ನೈಟ್ರೋಜನ್ ಡ್ರೈವರ್, ಹಿಂದಿನ ಸೀಟಿನಲ್ಲಿ ಮೂವರು ಹೈಡ್ರೋಜನ್‌ಗಳು. ನೀವು ಆಟೋಗಳನ್ನು ಎಣಿಸಿ ನಿಲ್ಲಿಸಿಬಿಟ್ಟಿರಿ. ನಾಲ್ಕರಿಂದ ಗುಣಿಸಿ, ಉತ್ತರ ಬರುತ್ತದೆ.

ತಪ್ಪು ನಿಮ್ಮೊಬ್ಬರದೇ ಅಲ್ಲ, ನಮ್ಮ ಮಾತಿನದೂ ಸ್ವಲ್ಪ ಇದೆ. ಪೇಪರ್‌ನಲ್ಲಿ ‘ಅಣುಬಾಂಬ್’, ‘ಕೈಗಾ ಅಣು ವಿದ್ಯುತ್ ಸ್ಥಾವರ’ ಅಂತ ಓದುತ್ತೇವೆ. ಅಲ್ಲಿ ಒಡೆಯುವುದು ಪರಮಾಣುವಿನ ಬೀಜ, ಅಣು ಅಲ್ಲ! ಕೆಮಿಸ್ಟ್ರಿ ಕ್ಲಾಸಿಗೆ ಬಂದಾಗ ಮಾತ್ರ ಎರಡನ್ನೂ ಬೇರೆ ಮಾಡಿ ಎನ್ನುತ್ತೇವೆ. ಗೊಂದಲ ಆಗದೆ ಇರುತ್ತದೆಯೇ?

ಇದೇ 5.6 ಲೀಟರ್ ಹೀಲಿಯಂ ಆಗಿದ್ದರೆ ನಿಮ್ಮ ಉತ್ತರವೇ ಸರಿ. ಅದರ ಪರಮಾಣುಗಳು ಒಂಟಿಯಾಗಿ ಓಡಾಡುತ್ತವೆ. ಆಕ್ಸಿಜನ್ ಆದರೆ ಎರಡರಿಂದ ಗುಣಿಸಬೇಕು. ಅಣುಗಳ ಸಂಖ್ಯೆ ಮಾತ್ರ ಮೂರರಲ್ಲೂ ಒಂದೇ. ಒಂದೇ ಉಷ್ಣತೆ, ಒಂದೇ ಒತ್ತಡ, ಒಂದೇ ಗಾತ್ರ ಇದ್ದರೆ ಅನಿಲ ಯಾವುದಾದರೂ ಅಣುಗಳು ಸಮ ಎಂದು ಅವೊಗಾಡ್ರೊ 1811ರಲ್ಲೇ ಹೇಳಿದ್ದ. ಆಗ ಹೆಚ್ಚಿನವರು ಕಿವಿಗೊಡಲಿಲ್ಲ.

ಇನ್ನು 22.4, 22.7. ಎರಡೂ ಸರಿ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒತ್ತಡ 1 ಅಟ್ಮಾಸ್ಫಿಯರ್ ಇದ್ದರೆ 22.4, 1 ಬಾರ್ ಇದ್ದರೆ 22.7. ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ ಐಯುಪ್ಯಾಕ್ 1982ರಲ್ಲಿ ಬಾರ್‌ಗೆ ಬದಲಾಯಿಸಿತು, ಹಳೆಯ ಲೆಕ್ಕಗಳು ಹಾಗೇ ಉಳಿದವು. ನಿಮ್ಮ ಲೆಕ್ಕದ 5.6, ಸರಿಯಾಗಿ 22.4ರ ಕಾಲುಭಾಗ. ಅಂದರೆ ಲೆಕ್ಕ ಮಾಡಿದವರ ಮನಸ್ಸಿನಲ್ಲಿದ್ದದ್ದು 22.4. ಪರೀಕ್ಷೆಯಲ್ಲಿ ಈ ಸುಳಿವು ಹಿಡಿಯಿರಿ.

ನಿಜ ಹೇಳಬೇಕೆಂದರೆ ಈ ಎರಡೂ ಸಂಖ್ಯೆ ನಮ್ಮ ಊರಿಗೆ ಹೊಂದುವುದಿಲ್ಲ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಮೇಲಿದೆ, ಒತ್ತಡ 0.9 ಬಾರ್ ಆಸುಪಾಸು. 25 ಡಿಗ್ರಿಯಲ್ಲಿ ಒಂದು ಮೋಲ್ ಗಾಳಿಗೆ ಅಲ್ಲಿ 27 ಲೀಟರ್‌ನಷ್ಟು ಜಾಗ ಬೇಕು.

ನೀರಿಗಂತೂ 22.4 ಹಾಕಲೇಬೇಡಿ. ಎಸ್‌ಟಿಪಿಯಲ್ಲಿ ಅದು ಅನಿಲವೇ ಅಲ್ಲ. ಒಂದು ಮೋಲ್ ನೀರು ಬರೀ 18 ಗ್ರಾಂ, ನಾಲ್ಕು ಟೀ ಚಮಚಕ್ಕಿಂತ ಕಡಿಮೆ.

ತೂಕ ಕೊಟ್ಟಿದ್ದರೆ ಈ ರಗಳೆಯೇ ಇಲ್ಲ. ಅಮೋನಿಯಾದ ಮೋಲ್ 17 ಗ್ರಾಂ. 4.25 ಗ್ರಾಂ ಇದ್ದರೆ ಕಾಲು ಮೋಲ್, ಅದು ಬೆಂಗಳೂರಾಗಲಿ ಮಂಗಳೂರಾಗಲಿ. ಕೈ ಪಳಗಲು ಒಂದು ಲೆಕ್ಕ ಮಾಡಿ: ಮನೆಯ ಸಿಲಿಂಡರ್‌ನಲ್ಲಿ 14.2 ಕೆಜಿ ಗ್ಯಾಸ್. ಅಷ್ಟೂ ಬ್ಯೂಟೇನ್ ಅಂದುಕೊಳ್ಳಿ, ಮೋಲ್‌ಗೆ 58 ಗ್ರಾಂ, ಅಣುವಿಗೆ 14 ಪರಮಾಣು. ಒಟ್ಟು ಪರಮಾಣುಗಳು 2×10²⁷ ಹತ್ತಿರ ಬರಬೇಕು. 1.5×10²⁶ ಬಂದರೆ ಮತ್ತೆ ಆಟೋ ಎಣಿಸಿದ್ದೀರಿ!